ಇಂಗ್ಲಿಷ್ ಪದ, ಕನ್ನಡ ಅರ್ಥ: ಕ್ರೋಕ್

ಮಕ್ಕಳೇ, ಈ ವಾರದ ಪದ ‘ಕ್ರೋಕ್’. ಗಂಟಲಿನಿಂದ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಕಪ್ಪೆ ಕೂಗಿದ ಹಾಗೆ ಕೇಳಿಸಿತಲ್ಲವೇ? ನಮ್ಮ ‘ವಟವಟ’ದಂತೆ ಇದೂ ಅನುಕರಣ ಪದ.

ಮೊದಲ ಅರ್ಥ ಪ್ರಾಣಿಗಳದು. ಮಳೆ ಸುರಿದ ರಾತ್ರಿ ಯಳಂದೂರಿನ ಗದ್ದೆ ಬಯಲಲ್ಲಿ ನಿಂತರೆ ಕಪ್ಪೆಗಳ ಮೇಳವೇ ಕೇಳುತ್ತದೆ. ‘ದ ಫ್ರಾಗ್ಸ್ ಆರ್ ಕ್ರೋಕಿಂಗ್’ ಎಂದರೆ ಕಪ್ಪೆಗಳು ವಟಗುಟ್ಟುತ್ತಿವೆ ಎಂದರ್ಥ. ಹೀಗೆ ಜೋರಾಗಿ ಕೂಗುವುದು ಗಂಡು ಕಪ್ಪೆ. ಅದು ಬಾಯಿ ಮುಚ್ಚಿಕೊಂಡೇ ಗಂಟಲ ಚೀಲವನ್ನು ಬಲೂನಿನಂತೆ ಉಬ್ಬಿಸಿ ಹೆಣ್ಣು ಕಪ್ಪೆಯನ್ನು ಕರೆಯುತ್ತದೆ. ‘ರೇವನ್’ ಎಂಬ ದೊಡ್ಡ ಕಾಗೆಯ ಒರಟು ಕೂಗಿಗೂ ಇದೇ ಪದ. ನಮ್ಮ ಊರುಕಾಗೆಯ ಕೂಗಿಗೆ ಮಾತ್ರ ಇಂಗ್ಲಿಷಿನಲ್ಲೂ ‘ಕಾ’ ಎಂದೇ ಹೆಸರು!

ಎರಡನೆಯ ಅರ್ಥ ಮನುಷ್ಯರದು. ನೆಗಡಿಯಾದಾಗ, ಕೂಗಾಡಿದಾಗ ಗಂಟಲೊಳಗಿನ ಧ್ವನಿತಂತುಗಳು ಊದಿಕೊಂಡು ದನಿ ಒರಟಾಗುತ್ತದೆ. ‘ಹಿ ಕ್ರೋಕ್ಡ್ ಎ ಫ್ಯೂ ವರ್ಡ್ಸ್’ ಎಂದರೆ ಕಟ್ಟಿದ ಗಂಟಲಲ್ಲೇ ನಾಲ್ಕು ಮಾತಾಡಿದ ಎಂದು. ನಾವು ‘ಗಂಟಲು ಕಟ್ಟಿದೆ’ ಎನ್ನುತ್ತೇವೆ. ಇಂಗ್ಲಿಷಿನವರು ‘ಗಂಟಲಲ್ಲಿ ಕಪ್ಪೆಯಿದೆ’ ಎನ್ನುತ್ತಾರೆ!

ಮೂರನೆಯ ಅರ್ಥದ ಬಗ್ಗೆ ಎಚ್ಚರ ಬೇಕು. ಒರಟು ಆಡುಮಾತಿನಲ್ಲಿ ‘ಕ್ರೋಕ್ಡ್’ ಎಂದರೆ ಸತ್ತ ಎಂದು. ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಹದೇಶ್ವರ ಬೆಟ್ಟಕ್ಕೆ, ದಾರಿಯುದ್ದಕ್ಕೂ ‘ಉಘೇ ಮಾದಪ್ಪ’ ಎಂದು ಕೂಗುತ್ತಾ ನಡೆದ ಅಜ್ಜನ ಗಂಟಲು ಕಟ್ಟಿತೆನ್ನಿ. ನೀವು ‘ಮೈ ಗ್ರ್ಯಾಂಡ್‌ಫಾದರ್ ಕ್ರೋಕ್ಡ್’ ಎಂದಷ್ಟೇ ಬರೆದರೆ, ಓದಿದವರು ಸಮಾಧಾನ ಹೇಳಲು ಮನೆಗೆ ಬಂದಾರು! ‘ಹಿಸ್ ವಾಯ್ಸ್ ಈಸ್ ಹಾರ್ಸ್’ ಎಂದು ಬರೆಯಿರಿ. ಉಚ್ಚಾರಣೆ ಕುದುರೆಯದೇ. ಆದರೆ ಕಾಗುಣಿತದಲ್ಲಿ ‘ಓ’ ಅಕ್ಷರದ ನಂತರ ಒಂದು ‘ಎ’ ಹೆಚ್ಚು.

ಇನ್ನೊಂದು ಮಾತು. ‘ಕ್ರೋಕ್’ ಎಂಬುದು ಹೊಗಳಿಕೆಯಲ್ಲ. ಇರುಳೆಲ್ಲ ಮಾದಪ್ಪನ ಕಥೆ ಹಾಡುವ ಕಂಸಾಳೆ ಕಲಾವಿದರ ಗಡಸು ದನಿಯನ್ನು ಮೆಚ್ಚಿ ಹೇಳಬೇಕಾದರೆ ‘ಹಸ್ಕಿ’ ಎನ್ನಿ. 12-14ರ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ದನಿ ಒಡೆಯುತ್ತದೆ. ಅದಕ್ಕೆ ‘ಹಿಸ್ ವಾಯ್ಸ್ ಈಸ್ ಬ್ರೇಕಿಂಗ್’ ಎನ್ನಬೇಕು. ಅಂಥ ಗೆಳೆಯನನ್ನು ‘ಕಪ್ಪೆ’ ಎಂದು ಆಡಿಕೊಂಡರೆ, ಅವನು ತರಗತಿಯಲ್ಲಿ ಎದ್ದುನಿಂತು ಪಾಠ ಓದುವುದನ್ನೇ ಬಿಟ್ಟುಬಿಡಬಹುದು. ದನಿ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಮನಸ್ಸಿಗಾದ ನೋವು ಅಷ್ಟು ಬೇಗ ಮಾಯುವುದಿಲ್ಲ.

ಹಿರಿಯರಿಗೆ ಒಂದು ಸೂಚನೆ: ದೊಡ್ಡವರಲ್ಲಿ ಕಟ್ಟಿದ ದನಿ 3 ವಾರವಾದರೂ ಬಿಡದಿದ್ದರೆ, ಅದರಲ್ಲೂ ಬೀಡಿ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ಕಷಾಯವನ್ನೇ ನಂಬಿ ಕೂರದೆ ಗಂಟಲಿನ ವೈದ್ಯರಿಗೆ ತೋರಿಸಿ.

ಈ ವಾರದ ಕೆಲಸ: ‘ಕ್ರೋಕ್’, ‘ಹಾರ್ಸ್’, ‘ಹಸ್ಕಿ’ ಈ ಮೂರನ್ನೂ ಬಳಸಿ ಒಂದೊಂದು ವಾಕ್ಯ ಬರೆಯಿರಿ. ಅಜ್ಜನ ವಾಕ್ಯ ಬರೆಯುವಾಗ ಜೋಕೆ!