ಜೋಡಿ ಮಾತ್ರೆ ಬೇಡ, ಬಿಡಿ ಮಾತ್ರೆ ಬರೆಯಿರಿ

ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ನೂಲೆಳೆಯುವ ಹೆಂಗಸರು, ಚಿಂತಾಮಣಿ ಸೀಮೆಯಲ್ಲಿ ಟೊಮೆಟೊ ಬೆಲೆ ಬಿದ್ದಾಗಲೆಲ್ಲ ಸಾಲದ ಲೆಕ್ಕ ಹಾಕುವ ರೈತರು, ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಒಂಟಿಯಾಗಿ ಉಳಿದ ವಯಸ್ಸಾದವರು ಆಸ್ಪತ್ರೆಗೆ ಬಂದಾಗ ‘ನನಗೆ ಖಿನ್ನತೆ’ ಎನ್ನುವುದಿಲ್ಲ. ಮೈಕೈ ನೋವು, ನಿದ್ದೆ ಹತ್ತುವುದಿಲ್ಲ, ಎದೆ ಡವಡವ ಅನ್ನುತ್ತದೆ, ತಲೆ ಜುಂ ಅನ್ನುತ್ತದೆ, ಕೈಕಾಲಲ್ಲಿ ಶಕ್ತಿಯೇ ಇಲ್ಲ ಎನ್ನುತ್ತಾರೆ. ಈ ದೂರುಗಳ ಹಿಂದೆ ಖಿನ್ನತೆ ಇರಬಹುದು, ಆತಂಕ ಇರಬಹುದು, ಮಧುಮೇಹದಿಂದ ನರ ಕೆಟ್ಟಿರಬಹುದು, ಅಥವಾ ಬರೀ ದುಡಿಮೆಯ ದಣಿವೇ ಇರಬಹುದು. ಯಾವುದೆಂದು ಕೇಳಿ ತಿಳಿಯಲು ಸಮಯ ಬೇಕು. ಆ ಸಮಯ ಉಳಿಸುವ ಸುಲಭದ ದಾರಿಯಾಗಿ ಎರಡು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಬೆರೆಸಿದ ಜೋಡಿ ಮಾತ್ರೆಗಳು ದೇಶದ ಉದ್ದಗಲಕ್ಕೂ ಮಾರಾಟವಾಗುತ್ತಿವೆ. ಸಾಮಾನ್ಯ ಮಾನಸಿಕ ತೊಂದರೆಗೂ ದೀರ್ಘಕಾಲದ ನೋವಿಗೂ ಇವು ಮೊದಲ ಆಯ್ಕೆ ಆಗಬಾರದು. ಖಿನ್ನತೆಯ ಔಷಧಿಗೆ ನಿದ್ದೆ ಮಾತ್ರೆಯನ್ನು ಬೆಸೆದ ಜೋಡಿಗಳಂತೂ ಮಾರುಕಟ್ಟೆಯಿಂದಲೇ ಹೋಗಬೇಕು.

ಹೆಚ್ಚು ಬಳಕೆಯಲ್ಲಿರುವ ಒಂದು ಜೋಡಿಯನ್ನೇ ತೆಗೆದುಕೊಳ್ಳೋಣ. 10 ಮಿ.ಗ್ರಾಂ ಎಸಿಟಾಲೊಪ್ರಾಮ್, ಅದರೊಂದಿಗೆ 0.5 ಮಿ.ಗ್ರಾಂ ಕ್ಲೋನಾಜೆಪಾಮ್. ಮೊದಲನೆಯದು ಖಿನ್ನತೆ ಮತ್ತು ಆತಂಕದ ಔಷಧಿ. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ತಿಂಗಳುಗಟ್ಟಲೆ ನುಂಗಬೇಕು. ಎರಡನೆಯದು ಬೆಂಜೊಡಯಾಜೆಪೈನ್ ಗುಂಪಿನ ನಿದ್ದೆ ಮಾತ್ರೆ. ನುಂಗಿದ ಗಂಟೆಯೊಳಗೆ ಮನಸ್ಸು ಹಗುರವಾಗುತ್ತದೆ, ಆದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೀಗೆ ಬೇರೆ ಬೇರೆ ಅವಧಿಗೆ ಬೇಕಾದ ಎರಡನ್ನು ಒಂದು ಗುಳಿಗೆಯಲ್ಲಿ ಕಟ್ಟಿಹಾಕಿದ ಮೇಲೆ, ಎಸಿಟಾಲೊಪ್ರಾಮನ್ನು 20 ಮಿ.ಗ್ರಾಂಗೆ ಏರಿಸಿದರೆ ಕ್ಲೋನಾಜೆಪಾಮ್ ಕೂಡ ಬೇಡದಿದ್ದರೂ ಇಮ್ಮಡಿಯಾಗುತ್ತದೆ. ನಿದ್ದೆ ಮಾತ್ರೆಯನ್ನು ಮಾತ್ರ ನಿಧಾನವಾಗಿ ಇಳಿಸೋಣವೆಂದರೆ ಆಗದು, ಜೊತೆಯದೂ ಇಳಿಯುತ್ತದೆ. ಹಳೆಯ ಇನ್ನೊಂದು ಜೋಡಿಯಲ್ಲಿ 12.5 ಮಿ.ಗ್ರಾಂ ಅಮಿಟ್ರಿಪ್ಟಿಲಿನ್ ಜೊತೆಗೆ ಅದೇ ಬೆಂಜೊಡಯಾಜೆಪೈನ್ ಗುಂಪಿನ 5 ಮಿ.ಗ್ರಾಂ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. ಖಿನ್ನತೆಗೆ ನಾಟುವಷ್ಟು, ಅಂದರೆ 75 ಮಿ.ಗ್ರಾಂ ಅಮಿಟ್ರಿಪ್ಟಿಲಿನ್ ಸಿಗಬೇಕೆಂದರೆ ದಿನಕ್ಕೆ ಆರು ಗುಳಿಗೆ ನುಂಗಬೇಕು. ಆಗ 30 ಮಿ.ಗ್ರಾಂ ಕ್ಲೋರ್‌ಡಯಾಜೆಪಾಕ್ಸೈಡ್ ಹೊಟ್ಟೆ ಸೇರಿರುತ್ತದೆ. ದಿನಕ್ಕೆ ಒಂದೋ ಎರಡೋ ನುಂಗುವವರಿಗೆ ಖಿನ್ನತೆಯ ಚಿಕಿತ್ಸೆ ಸಾಲದು, ಅಭ್ಯಾಸ ಮಾತ್ರ ಅಂಟುತ್ತದೆ. ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೆ ನಿದ್ದೆ ಕೆಟ್ಟು, ಕೈ ನಡುಗಿ, ಎದೆ ಹೊಡೆದುಕೊಳ್ಳತೊಡಗಿದಾಗ ಅದನ್ನು ರೋಗವೇ ಮರಳಿತೆಂದು ಬಗೆದು ಅದೇ ಹಾಳೆಯನ್ನು ಮತ್ತೆ ಕೊಳ್ಳುತ್ತಾರೆ. ವಯಸ್ಸಾದವರಲ್ಲಿ ಇದೇ ಮಾತ್ರೆ ರಾತ್ರಿ ಎದ್ದಾಗ ತೂರಾಡಿಸಿ ಬೀಳಿಸುತ್ತದೆ, ಸೊಂಟದ ಮೂಳೆ ಮುರಿಸುತ್ತದೆ, ಮರೆವು ಹೆಚ್ಚಿಸುತ್ತದೆ.

ಇದು ಹೊಸ ವಿವಾದವೇನಲ್ಲ. 2012ರ ಮೇ ತಿಂಗಳಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ಔಷಧಿ ನಿಯಂತ್ರಣ ವ್ಯವಸ್ಥೆಯ ಬಗ್ಗೆ ಕಟುವಾದ ವರದಿ ಕೊಟ್ಟಿತು. ಸಮಿತಿ ಬೆರಳು ತೋರಿದ ಔಷಧಿಗಳಲ್ಲಿ ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಬೆರೆಸಿದ ಜೋಡಿಯೂ ಒಂದು. ಅದನ್ನು ತಯಾರಿಸುವ ಕಂಪನಿಯ ತಾಯ್ನಾಡಾದ ಡೆನ್ಮಾರ್ಕಿನಲ್ಲೇ ಅದರ ಮಾರಾಟಕ್ಕೆ ಅನುಮತಿ ಇರಲಿಲ್ಲ. 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು, ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. 2016ರ ಮಾರ್ಚ್‌ನಲ್ಲಿ 344 ಜೋಡಿ ಔಷಧಿಗಳ ಮೇಲೆ ಒಮ್ಮೆಗೇ ನಿಷೇಧ ಬಂತು. ಅದೇ ವರ್ಷ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಸೂಚಿಸಿದ ಮೇಲೆ 2018ರ ಸೆಪ್ಟೆಂಬರ್‌ನಲ್ಲಿ 328 ಔಷಧಿಗಳನ್ನು ಮತ್ತೆ ನಿಷೇಧಿಸಲಾಯಿತು. 2024ರ ಆಗಸ್ಟ್‌ನಲ್ಲಿ ಇನ್ನೂ 156 ಈ ಪಟ್ಟಿಗೆ ಸೇರಿದವು. ಹನ್ನೆರಡು ವರ್ಷಗಳ ಈ ಜಗ್ಗಾಟ ಹೇಳುವುದು ಇಷ್ಟೇ: ನಮ್ಮಲ್ಲಿ ಜೋಡಿ ಔಷಧಿ ಮೊದಲು ಮಾರುಕಟ್ಟೆಗೆ ಬರುತ್ತದೆ, ಅದು ಬೇಕಿತ್ತೇ ಎಂಬ ಪರೀಕ್ಷೆ ಆಮೇಲೆ ನಡೆಯುತ್ತದೆ. ಆ ನಡುವಿನ ವರ್ಷಗಳಲ್ಲಿ ಅದನ್ನು ನುಂಗಿದವರ ಲೆಕ್ಕ ಯಾರೂ ಇಡುವುದಿಲ್ಲ.

ನೋವಿನ ವಿಷಯಕ್ಕೆ ಬಂದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಾರಣ ಹುಡುಕುವ ಹೊಣೆ ಇನ್ನೂ ಹೆಚ್ಚು. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು, ಬೆನ್ನು ಬಿಗಿಯುತ್ತವೆ. ಅಂಥವರಿಗೆ ಮೊದಲು ಬೇಕಾದದ್ದು ಶುದ್ಧ ನೀರು. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಗಳನ್ನು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಹಿಡಿಯಬಹುದು. ಇವೆಲ್ಲ ಅಲ್ಲವೆಂದಾದ ಮೇಲೆ ಮನೋವೈದ್ಯಕೀಯ ಔಷಧಿ ನೋವಿಗೂ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಎಲ್ಲವೂ ಸಮನಾಗಿ ಅಲ್ಲ. 2023ರಲ್ಲಿ ಕಾಕ್ರೇನ್ ಸಂಸ್ಥೆ 176 ಅಧ್ಯಯನಗಳನ್ನು, 28 ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ದೀರ್ಘಕಾಲದ ನೋವಿಗೆ ಎಲ್ಲಕ್ಕಿಂತ ಗಟ್ಟಿ ಪುರಾವೆ ಸಿಕ್ಕಿದ್ದು ಡ್ಯುಲೊಕ್ಸೆಟಿನ್‌ಗೆ, 60 ಮಿ.ಗ್ರಾಂ ಸಾಕು, ಅದಕ್ಕೂ ಹೆಚ್ಚು ಕೊಟ್ಟು ಪ್ರಯೋಜನವಿಲ್ಲ. ಮಧುಮೇಹದ ಕಾಲುರಿಯೂ ಖಿನ್ನತೆಯೂ ಒಟ್ಟಿಗೆ ಇರುವವರಿಗೆ ಈ ಒಂದೇ ಔಷಧಿ ಎರಡನ್ನೂ ನೋಡಿಕೊಳ್ಳಬಲ್ಲದು. ಆದರೆ ಕುಡಿತ ಜಾಸ್ತಿ ಇರುವವರಿಗೆ, ಯಕೃತ್ತು ಕೆಟ್ಟವರಿಗೆ ಅದು ಸಲ್ಲದು, ರಕ್ತದೊತ್ತಡವನ್ನೂ ಗಮನಿಸುತ್ತಿರಬೇಕು. ಇನ್ನು, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಯಥೇಚ್ಛವಾಗಿ ಬರೆಯುವ ಪ್ರೆಗಾಬಾಲಿನ್ ಬರೀ ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿಸಿತು ಎಂಬುದು 2017ರಲ್ಲಿ ಆಸ್ಟ್ರೇಲಿಯಾದ ಪರೀಕ್ಷೆಯೊಂದರಲ್ಲಿ ಕಂಡುಬಂತು. ನೋವಿಗೆಂದು ಟ್ರಮಡಾಲ್, ಮನಸ್ಸಿಗೆಂದು ಎಸಿಟಾಲೊಪ್ರಾಮ್ ಒಟ್ಟಿಗೆ ಸೇರಿದರೆ ಮಿದುಳಿನಲ್ಲಿ ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಏರಬಹುದು. ಎಸಿಟಾಲೊಪ್ರಾಮ್ ತೆಗೆದುಕೊಳ್ಳುವವರು ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯನ್ನೂ ನುಂಗುತ್ತಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಗುಳಿಗೆಯೊಳಗೆ ಏನೇನಿದೆ ಎಂದು ರೋಗಿಗೇ ಗೊತ್ತಿಲ್ಲದ ಕಡೆ ಇಂಥ ಎಚ್ಚರಿಕೆ ಕೈಗೂಡುವುದು ಕಷ್ಟ.

‘ಜೋಡಿ ಮಾತ್ರೆಯಿಂದ ಬೇಗ ಆರಾಮ ಸಿಗುತ್ತದೆ, ಇಲ್ಲದಿದ್ದರೆ ರೋಗಿ ಎರಡನೇ ಸಲ ಬರುವುದೇ ಇಲ್ಲ’ ಎಂದು ಹಲವು ವೈದ್ಯರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ಖಿನ್ನತೆಯ ಔಷಧಿಯ ಜೊತೆಗೆ ಬೆಂಜೊಡಯಾಜೆಪೈನ್ ಕೊಟ್ಟರೆ ಮೊದಲ ನಾಲ್ಕು ವಾರ ಹೆಚ್ಚು ಗುಣ ಕಾಣುತ್ತದೆ ಎಂದು 2019ರ ಕಾಕ್ರೇನ್ ಪರಾಮರ್ಶೆಯೇ ಒಪ್ಪಿದೆ. ಆಮೇಲೆ ಆ ವ್ಯತ್ಯಾಸ ಉಳಿಯುವುದಿಲ್ಲ. ಅಂದರೆ ಈ ಪುರಾವೆ ನಿಂತಿರುವುದು ಕೆಲವು ವಾರಗಳ ಜೊತೆಗಷ್ಟೇ, ಬಿಡಿಸಲಾಗದ ಜೋಡಿಗಲ್ಲ. ತೀರಾ ಒದ್ದಾಡುವ ರೋಗಿಗೆ ಕ್ಲೋನಾಜೆಪಾಮನ್ನು ಬೇರೆ ಹಾಳೆಯಲ್ಲಿ, ಎರಡು ವಾರಕ್ಕೆ ಎಣಿಸಿ ಕೊಟ್ಟು ನಿಲ್ಲಿಸಲು ಏನಡ್ಡಿ? ಎರಡು ಗುಳಿಗೆ ನುಂಗುವುದು ರೋಗಿಗೆ ಕಷ್ಟ ಎಂಬ ವಾದವಂತೂ ಬಿ.ಪಿ., ಶುಗರ್‌ಗೆಂದು ದಿನವೂ ನಾಲ್ಕು ಗುಳಿಗೆ ನುಂಗುವ ಜನರ ಮುಂದೆ ನಿಲ್ಲುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ವೈದ್ಯರ ಕೊರತೆಯದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೂ ಮುನ್ನ ನಿಮ್ಹಾನ್ಸ್ ಪೂರ್ವಭಾವಿ ಅಧ್ಯಯನ ನಡೆಸಿದ್ದು ನಮ್ಮ ನೆರೆಯ, 2007ರವರೆಗೆ ನಮ್ಮದೇ ಆಗಿದ್ದ, ಕೋಲಾರ ಜಿಲ್ಲೆಯಲ್ಲಿ. ಸಾಮಾನ್ಯ ಮಾನಸಿಕ ತೊಂದರೆ ಇರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಆ ಸಮೀಕ್ಷೆ ಹೇಳಿತು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಉಳಿದ ದಿನಗಳಲ್ಲಿ ಎಂಬಿಬಿಎಸ್ ವೈದ್ಯರೇ ನಿಭಾಯಿಸಬೇಕು. ಹೀಗಿರುವಾಗ ಕಟ್ಟುನಿಟ್ಟು ಮಾಡಿದರೆ ಸಿಗುತ್ತಿರುವ ಅಲ್ಪಸ್ವಲ್ಪ ಚಿಕಿತ್ಸೆಯೂ ನಿಲ್ಲುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಬಿಡಿ ಮಾತ್ರೆ ಬರೆಯಲು ಮನೋವೈದ್ಯರೇ ಬೇಕಿಲ್ಲ. ಎಸಿಟಾಲೊಪ್ರಾಮ್, ಫ್ಲುಆಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮೂರೂ ದೇಶದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಅವುಗಳನ್ನು ಹೇಗೆ ಆರಂಭಿಸಬೇಕು, ಹೇಗೆ ಇಳಿಸಬೇಕು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕಲಿಸುವುದು ಕಷ್ಟವಲ್ಲ; 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ತೋರಿಸಿದೆ. ಮಾತಿನ ಚಿಕಿತ್ಸೆಗೂ ಪದವೀಧರರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ತೀವ್ರ ಖಿನ್ನತೆಯ ರೋಗಿಗಳಿಗೆ ಆರರಿಂದ ಎಂಟು ಭೇಟಿಗಳಲ್ಲಿ ಆಪ್ತ ಸಮಾಲೋಚನೆ ಕೊಟ್ಟು ಗುಣಪಡಿಸಿದ್ದನ್ನು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಆಶಾ ಕಾರ್ಯಕರ್ತೆಯರಿರುವ ನಮ್ಮ ಊರುಗಳಿಗೆ ಇದು ನಿಲುಕದ ಮಾತೇನಲ್ಲ. ಆದರೆ ಆ ಕೆಲಸಕ್ಕೆ ಅವರಿಗೆ ಬೇರೆಯಾಗಿ ಸಂಬಳ ಕೊಡಬೇಕು.

ಇನ್ನೊಂದು ತುದಿಯಲ್ಲಿ ನಿಂತು ‘ಮನಸ್ಸಿನ ಮಾತ್ರೆಗಳೆಲ್ಲ ಚಟ ಹಿಡಿಸುತ್ತವೆ, ಯಾವುದೂ ಬೇಡ’ ಎನ್ನುವವರೂ ತಪ್ಪು ಹೇಳುತ್ತಿದ್ದಾರೆ. 2018ರಲ್ಲಿ 522 ಪರೀಕ್ಷೆಗಳನ್ನು ತೂಗಿ ನೋಡಿದ ಅಧ್ಯಯನದಲ್ಲಿ 21 ಖಿನ್ನತೆ ಔಷಧಿಗಳೂ ಹುಸಿಮಾತ್ರೆಗಿಂತ ಮೇಲೆಂದು ಕಂಡವು. ಲಾಭ ಪವಾಡದಷ್ಟು ದೊಡ್ಡದಲ್ಲ, ಆದರೆ ನಿಜವಾದದ್ದು. ಈ ಔಷಧಿಗಳನ್ನು ದಿಢೀರನೆ ಬಿಟ್ಟರೆ ತೊಂದರೆ ಆಗುತ್ತದೆ, ಅದಕ್ಕೇ ನಿಧಾನವಾಗಿ ಇಳಿಸಬೇಕು. ಆದರೂ ಇನ್ನಷ್ಟು ಬೇಕು, ಮತ್ತಷ್ಟು ಬೇಕು ಎಂಬ ಹಂಬಲ ಇವುಗಳಿಂದ ಹುಟ್ಟುವುದಿಲ್ಲ. ಚಟದ ಭಯ ಸಲ್ಲುವುದು ನಿದ್ದೆ ಮಾತ್ರೆಗೆ. ಆ ಭಯವನ್ನು ಒಳ್ಳೆಯ ಔಷಧಿಗೂ ಅಂಟಿಸಿದ್ದರಲ್ಲಿ ಜೋಡಿ ಮಾತ್ರೆಯ ಪಾಲು ದೊಡ್ಡದು.

ಆಗಬೇಕಾದದ್ದು ಸ್ಪಷ್ಟವಾಗಿದೆ. ಬೆಂಜೊಡಯಾಜೆಪೈನ್ ಬೆರೆಸಿದ ಖಿನ್ನತೆಯ ಮಾತ್ರೆಗಳನ್ನು ಕೇಂದ್ರ ಸರ್ಕಾರ ನಿಷೇಧದ ಪಟ್ಟಿಗೆ ಸೇರಿಸಬೇಕು. ಅಲ್ಪ್ರಾಜೋಲಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಟ್ರಮಡಾಲ್‌ಗಳು ಔಷಧಿ ನಿಯಮಗಳ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಇವುಗಳನ್ನು ಮಾರುವಾಗ ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಔಷಧಿ ನಿಯಂತ್ರಣ ಇಲಾಖೆ ನಮ್ಮ ಎಲ್ಲ ತಾಲ್ಲೂಕುಗಳಲ್ಲಿ ಆ ಪುಸ್ತಕ ತೆರೆಸಿ ನೋಡಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎಸಿಟಾಲೊಪ್ರಾಮ್, ಡ್ಯುಲೊಕ್ಸೆಟಿನ್‌ಗಳು ಬಿಡಿಬಿಡಿಯಾಗಿ ವರ್ಷವಿಡೀ ಸಿಗುವಂತಾಗಲಿ. ವೈದ್ಯರು ಚೀಟಿಯಲ್ಲಿ ಔಷಧಿಯ ಹೆಸರಿನ ಪಕ್ಕದಲ್ಲೇ ಕಾಯಿಲೆಯ ಹೆಸರನ್ನೂ ನಿಲ್ಲಿಸುವ ದಿನವನ್ನೂ ಬರೆಯಲಿ. ಈಗಾಗಲೇ ಜೋಡಿ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ; ಬೆಂಜೊಡಯಾಜೆಪೈನನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ಏನೇನಿದೆ, ಯಾವುದನ್ನು ಯಾವಾಗ, ಹೇಗೆ ಇಳಿಸಬೇಕು ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಪಡೆಯುವುದು ರೋಗಿಯ ಹಕ್ಕು, ಕೊಡುವುದು ವೈದ್ಯರ ಕರ್ತವ್ಯ.