ಎರಡು ಥರದ ಮೌನ

ಮೂರು ದಿನ ರಜೆ ಹಾಕಿ ತಿರುವಣ್ಣಾಮಲೈಗೆ ಹೋಗ್ತೀನಿ ಅಂದಾಗ ಆಫೀಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಏನಾಯ್ತೇ, ಎಲ್ಲ ಸರಿ ಇದೆ ತಾನೇ?" ಗೋವಾಕ್ಕೆ ಹೊರಟಿದ್ರೆ ಯಾರೂ ಹೀಗೆ ಕೇಳ್ತಿರಲಿಲ್ಲ ನೋಡಿ. "ಸುಸ್ತಾಗಿದೆ ಅಷ್ಟೇ" ಅಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನಿಜ ಏನಂದ್ರೆ, ಎಂಟು ತಿಂಗಳಿಂದ ನಾನು ಅಪ್ಪನ ಜೊತೆ ಮಾತಾಡಿರಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ಬನ್ನಿ ಅಂತ ಕರೆದೆ. "ತೋಟ ಯಾರು ನೋಡ್ತಾರೆ?" ಅಂದ್ರು. ಮಾತಿಗೆ ಮಾತು ಬೆಳೀತು. ಕೊನೆಗೆ ನಾನು, "ಅಮ್ಮನ್ನ ನೋಡ್ಕೊಂಡ ಹಾಗೇ ನಿಮ್ಮನ್ನೂ ನೋಡ್ಕೋತೀರಾ?" ಅಂದುಬಿಟ್ಟೆ. ಅಪ್ಪ ಏನೂ ಹೇಳದೆ ಫೋನ್ ಇಟ್ಟರು. ಆಮೇಲೆ ಅವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಪಕ್ಕದ ಮನೆ ಚಿಕ್ಕಮ್ಮನಿಂದ ಸುದ್ದಿ ತಿಳೀತಿತ್ತು. ಅಷ್ಟು ಸಾಕು ಅಂದ್ಕೊಂಡಿದ್ದೆ.

ರಮಣಾಶ್ರಮದಲ್ಲಿ ಉಳಿಯೋಕೆ ಮೊದಲೇ ಬರೆದು ಕೇಳಬೇಕು. ರೂಮಿಗೆ ಇಷ್ಟು ಅಂತ ಬಾಡಿಗೆ ಇಲ್ಲ, ಕೊಡೋದು ನಿಮ್ಮಿಷ್ಟ. ಬೆಂಗಳೂರಿಂದ ಸುಮಾರು ಇನ್ನೂರು ಕಿಲೋಮೀಟರ್. ಹೊಸೂರು, ಕೃಷ್ಣಗಿರಿ, ಚೆಂಗಂ ದಾಟಿದ ಮೇಲೆ ಅರುಣಾಚಲ ಬೆಟ್ಟ ಕಾಣಿಸುತ್ತೆ. ಅಲ್ಲಿ ಕ್ಲಾಸ್ ಇಲ್ಲ, ಹಾಜರಿ ಇಲ್ಲ, "ಈಗ ಕಣ್ಣು ಮುಚ್ಚಿ" ಅನ್ನೋರೂ ಇಲ್ಲ. ವೇದಪಾರಾಯಣಕ್ಕೆ ಹೋಗಿ ಕೂತರೂ ಸರಿ, ಮರದ ಕೆಳಗೆ ಸುಮ್ಮನೆ ಕೂತರೂ ಸರಿ. ಊಟದ ಹೊತ್ತಿಗೆ ಮಾತ್ರ ತಪ್ಪಿಸ್ಕೋಬೇಡಿ! ನೆಲದ ಮೇಲೆ ಸಾಲಾಗಿ ಕೂತು, ಎಲೆಯಲ್ಲಿ ಅನ್ನ, ಸಾಂಬಾರ್, ರಸಂ, ಮಜ್ಜಿಗೆ. ಎಲ್ಲರಿಗೂ ಒಂದೇ ಊಟ. ರಮಣ ಮಹರ್ಷಿಗಳು ಇದ್ದಾಗಲೂ ಹಾಗೇ ಇತ್ತಂತೆ. ತಮಗೆ ಅಂತ ಬೇರೆ ಏನಾದ್ರೂ ಬಡಿಸಿದ್ರೆ ಅವರು ಒಪ್ತಿರಲಿಲ್ಲ. ನಸುಕಿನಲ್ಲೇ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ರು.

ಮೊದಲ ದಿನ ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿದೆ. ಮಹರ್ಷಿಗಳು ಎಷ್ಟೋ ವರ್ಷ ಕೂತಿದ್ದ ಹಳೇ ಹಾಲ್‌ನಲ್ಲಿ ಹೋಗಿ ಕೂತೆ. ಹೊರಗೆ ನವಿಲು ಕೂಗ್ತಿತ್ತು, ಒಳಗೆ ಪಿನ್‌ಡ್ರಾಪ್ ಸೈಲೆನ್ಸ್. ನನ್ನ ತಲೆಯಲ್ಲಿ ಮಾತ್ರ ಆವತ್ತಿನ ಜಗಳ ಮತ್ತೆ ಮತ್ತೆ ನಡೀತಿತ್ತು. ಪ್ರತಿ ಸಲವೂ ಗೆಲ್ಲೋದು ನಾನೇ. ಹಾಗೆ ಗೆದ್ದು ಗೆದ್ದು ಸುಸ್ತಾಗಿ ಎದ್ದು ಬಂದೆ.

ಸಂಜೆ ಪುಸ್ತಕದಂಗಡಿಯಲ್ಲಿ ಮಹರ್ಷಿಗಳ ಜೀವನಚರಿತ್ರೆ ತಗೊಂಡೆ. 1896ರಲ್ಲಿ, ಹದಿನಾರನೇ ವಯಸ್ಸಿಗೆ, ಹುಡುಗ ಮಧುರೆಯ ಮನೆ ಬಿಟ್ಟ. ಅಣ್ಣನ ಕಾಲೇಜು ಫೀಸಿಗೆ ಇದ್ದ ಐದು ರೂಪಾಯಿಯಲ್ಲಿ ಮೂರು ತಗೊಂಡು, ಉಳಿದ ಎರಡನ್ನ ಒಂದು ಚೀಟಿ ಜೊತೆ ಇಟ್ಟು ಹೊರಟುಬಿಟ್ಟ. ಎರಡು ವರ್ಷದ ಮೇಲೆ ತಾಯಿ ಅಳಗಮ್ಮ ಹುಡುಕ್ಕೊಂಡು ಬಂದ್ರು. ಅತ್ತರು, ಬೇಡಿಕೊಂಡ್ರು, ಬೈದ್ರು. ಮಗ ತುಟಿ ಬಿಚ್ಚಲಿಲ್ಲ. ಕೊನೆಗೆ ಯಾರೋ ಒತ್ತಾಯ ಮಾಡಿದ ಮೇಲೆ ಕಾಗದದಲ್ಲಿ ಉತ್ತರ ಬರೆದುಕೊಟ್ಟ. ಆಗೋದು ಆಗೇ ಆಗುತ್ತೆ, ಸುಮ್ಮನಿರೋದೇ ಒಳ್ಳೇದು ಅನ್ನೋ ಅರ್ಥದ್ದು. ತಾಯಿ ಬರಿಗೈಲಿ ವಾಪಸ್ ಹೋದ್ರು.

ಓದಿ ನನಗೆ ಒಳಗೊಳಗೇ ಸಮಾಧಾನ ಆಯ್ತು. ನೋಡಿ, ಮಹರ್ಷಿಗಳೇ ಹೆತ್ತವರ ಜೊತೆ ಮಾತಾಡಲಿಲ್ಲ! ಪುಸ್ತಕ ಮುಚ್ಚಿಟ್ಟು ಮಲಗಿದೆ.

ಮಾರನೇ ದಿನ ಬೆಳಗ್ಗೆ, ಆಶ್ರಮದ ಹಿಂದಿನ ಕಲ್ಲುದಾರಿಯಲ್ಲಿ ಬೆಟ್ಟ ಹತ್ತಿ ಸ್ಕಂದಾಶ್ರಮಕ್ಕೆ ಹೋದೆ. ಅಲ್ಲಿ ತಾಯಿ ಕೊನೆಯುಸಿರೆಳೆದ ಒಂದು ಚಿಕ್ಕ ಕೋಣೆ ಇದೆ. ಅದರ ಹೊರಗೆ ಕೂತು ಉಳಿದ ಕಥೆ ಓದಿದೆ.

1916ರಲ್ಲಿ ಅಳಗಮ್ಮ ಮಗನ ಹತ್ತಿರವೇ ಇರೋಕೆ ಬಂದ್ರು. ಮಗ ಬೇಡ ಅನ್ನಲಿಲ್ಲ. ಅಲ್ಲಿದ್ದವರಿಗೆಲ್ಲ ತಾಯಿಯೇ ಅಡುಗೆ ಶುರು ಮಾಡಿದ್ರು. 1922ರ ಮೇ 19ರಂದು ಅವರ ಕೊನೇ ದಿನ. ಮಗ ಬೆಳಗ್ಗೆಯಿಂದ ಪಕ್ಕ ಬಿಟ್ಟು ಏಳಲಿಲ್ಲ. ಒಂದು ಕೈ ತಾಯಿಯ ಎದೆ ಮೇಲೆ, ಇನ್ನೊಂದು ತಲೆ ಮೇಲೆ. ರಾತ್ರಿ ಪ್ರಾಣ ಹೋಗೋವರೆಗೂ ಹಾಗೇ ಕೂತಿದ್ರು. ಬೆಟ್ಟದ ಬುಡದಲ್ಲಿ ತಾಯಿಗೆ ಸಮಾಧಿ ಮಾಡಿದ್ರು. ಕೆಲ ತಿಂಗಳಲ್ಲಿ ಮಹರ್ಷಿಗಳೂ ಕೆಳಗಿಳಿದು ಅಲ್ಲೇ ಉಳಿದ್ರು. ನಾನು ಎಲೆ ಮುಂದೆ ಕೂತು ಉಂಡ ಆಶ್ರಮ ಬೆಳೆದಿದ್ದು ಒಬ್ಬ ಅಮ್ಮನ ಸಮಾಧಿಯ ಸುತ್ತ.

ಅವರು ಆವತ್ತೂ ಸುಮ್ಮನೇ ಇದ್ರು. ಆದ್ರೆ ಎದ್ದು ಹೋಗಿರಲಿಲ್ಲ. ಆ ಮೌನಕ್ಕೂ ನನ್ನ ಎಂಟು ತಿಂಗಳ ಮೌನಕ್ಕೂ ಏನು ಸಂಬಂಧ? ನಾನು ಸುಮ್ಮನಿದ್ದದ್ದು ಅಪ್ಪನಿಗೆ ನೋವಾಗಲಿ ಅಂತ. ಅಮ್ಮನ ಕೊನೇ ವಾರ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತಿದ್ದವರು ಅಪ್ಪ. ಪ್ರಾಜೆಕ್ಟ್ ರಿಲೀಸ್ ಇದೆ ಅಂತ ಎರಡು ದಿನ ತಡವಾಗಿ ಹೋದವಳು ನಾನು. ಆ ಮಾತನ್ನ ನಾನು ನನಗೇ ಹೇಳ್ಕೋಬೇಕಿತ್ತು, ಅಪ್ಪನ ಮೇಲೆ ಎಸೆದಿದ್ದೆ.

ಮೂರನೇ ದಿನ ಹೊರಟೆ. ಬಸ್ಸು ಚೆಂಗಂ ದಾಟಿದ ಮೇಲೆ ಫೋನ್ ಆನ್ ಮಾಡಿದೆ. ಇನ್ನೂರಕ್ಕೂ ಹೆಚ್ಚು ಮೆಸೇಜು, ಅಪ್ಪನದ್ದು ಒಂದೂ ಇಲ್ಲ. ಕೃಷ್ಣಗಿರಿ ಹತ್ತಿರ ಟೀಗೆ ನಿಲ್ಲಿಸಿದಾಗ, ಧೈರ್ಯ ಹೋಗೋಕೆ ಮುಂಚೆ ನಂಬರ್ ಒತ್ತಿದೆ.

"ಅಪ್ಪ, ನಾನು."

"ಹೂಂ."

"ಊಟ ಆಯ್ತಾ?"

"ಆಯ್ತು. ಉಪ್ಪಿಟ್ಟು."

"ಮಧ್ಯಾಹ್ನಕ್ಕೆ ಉಪ್ಪಿಟ್ಟಾ?"

"ಅನ್ನ ಸೀದೋಯ್ತು."

ನಗು ಬಂತು, ಅಳುವೂ ಬಂತು. "ಆವತ್ತು ನಾನು ಹಾಗೆ ಅನ್ನಬಾರದಿತ್ತು ಅಪ್ಪ" ಅಂದೆ. ಆ ಕಡೆಯಿಂದ ಮಾತಿಲ್ಲ. ತೋಟದಲ್ಲಿ ಯಾವುದೋ ಹಕ್ಕಿ ಕೂಗೋದು ಮಾತ್ರ ಕೇಳ್ತಿತ್ತು. ಆದ್ರೆ ಅಪ್ಪ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಬಸ್ಸು ಎಲ್ಲಿಗೆ ಬಂತು?" ಅಂದ್ರು. ನಾನು ಬಸ್ಸಲ್ಲಿದ್ದೀನಿ ಅಂತ ಹೇಳೇ ಇರಲಿಲ್ಲ. ಚಿಕ್ಕಮ್ಮ ಸುದ್ದಿ ಎರಡೂ ಕಡೆಗೆ ಮುಟ್ಟಿಸ್ತಿದ್ರು ಅಂತ ಆಗ ಗೊತ್ತಾಯ್ತು!

ಅಪ್ಪ ಬೆಂಗಳೂರಿಗೆ ಬರೋಕೆ ಒಪ್ಪಿಲ್ಲ, ಒಪ್ಪೋದೂ ಇಲ್ಲ. ತೋಟದ ವಿಷಯ ಇದ್ದಲ್ಲೇ ಇದೆ. ಮೂರು ದಿನ ಆಶ್ರಮದಲ್ಲಿದ್ದು ಬಂದವಳು ಸಂತಳೇನೂ ಆಗಿಲ್ಲ, ಸೋಮವಾರದ ಮೀಟಿಂಗಲ್ಲೇ ಸಿಟ್ಟು ಮಾಡ್ಕೊಂಡೆ. ನಿಮಗೂ ಎಲ್ಲಾದ್ರೂ ಹೋಗಿ ಸುಮ್ಮನೆ ಕೂರಬೇಕು ಅನ್ನಿಸಿದ್ರೆ ಖಂಡಿತ ಹೋಗಿ. ಹೊರಡೋ ಮುಂಚೆ, ಮನೇಲಿ ಯಾರ ಹತ್ತಿರ ಸುಮ್ಮನಿದ್ದೀರಿ, ಯಾಕೆ ಸುಮ್ಮನಿದ್ದೀರಿ ಅಂತ ಒಮ್ಮೆ ನೋಡ್ಕೊಳ್ಳಿ.

ಈ ಶನಿವಾರ ತಿಪಟೂರಿನ ರೈಲು ಹತ್ತುತ್ತಿದ್ದೀನಿ. ಬ್ಯಾಗಲ್ಲಿ ಎರಡು ಲೀಟರಿನ ಒಂದು ಕುಕ್ಕರ್ ಇದೆ. ಎಷ್ಟು ವಿಷಲ್‌ಗೆ ಒಲೆ ಆರಿಸಬೇಕು ಅಂತ ಅಪ್ಪನಿಗೆ ಹೇಳಿಕೊಡಬೇಕು.