ಹಲಗೆ ಕಟ್ಟಿದ ಕೈ

ಚಾಮರಾಜನಗರದಿಂದ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲದ ಮೇಲೆ ತಿರುಪ್ಪೂರಿಗೆ ಹೋಗುವ ದಾರಿ ನಮ್ಮ ಕೊಳ್ಳೇಗಾಲದ ಕಡೆಯ ಎಷ್ಟೋ ಕುಟುಂಬಗಳಿಗೆ ಚೆನ್ನಾಗಿ ಗೊತ್ತು. ಅಲ್ಲಿಯ ಬನಿಯನ್ ಕಂಪನಿಗಳಲ್ಲಿ ಹೊಲಿಗೆ, ಇಸ್ತ್ರಿ, ಬಣ್ಣದ ಕೆಲಸ. ಅಂಥ ಒಂದು ಮನೆಯ ಹುಡುಗನನ್ನು ನೋಡಲು ಕೊಯಮತ್ತೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಕುದಿನೀರು ಬಿದ್ದು ಬಲಗೈಯ ಮೇಲ್ಭಾಗ ಸುಟ್ಟಿತ್ತು. ತೊಡೆಯಿಂದ ತೆಳುವಾದ ಚರ್ಮ ತೆಗೆದು ಗಾಯದ ಮೇಲೆ ಹಾಕಿದ್ದರು. ಕೈ ಅಲುಗದಂತೆ ಹಲಗೆ ಕಟ್ಟಿ, ದಪ್ಪನೆಯ ಬ್ಯಾಂಡೇಜು ಸುತ್ತಿದ್ದರು.

"ಸ್ವಾಮಿ, ಕೈ ಸುಟ್ಟಿದ್ದು ಸಾಲದು ಅಂತ ತೊಡೇನೂ ಕುಯ್ದವ್ರೆ. ಐದು ದಿನ ಬೆರಳು ಕೂಡ ಆಡಿಸಬಾರದಂತೆ. ಕೈ ಮರಗಟ್ಟಿ ಹೋದ್ರೆ ಇವನು ದುಡಿಯೋದು ಹೆಂಗೆ?" ಎಂದು ತಾಯಿ ಕೇಳಿದರು. ಮಗನ ದುಡಿಮೆಯಿಂದಲೇ ನಡೆಯುವ ಮನೆ ಅದು. ಡಾಕ್ಟರು ತಮಿಳಿನಲ್ಲಿ ಹೇಳಿದ್ದು ಆಕೆಗೆ ಅರ್ಥವಾಗದೆ ಇರಲಿಲ್ಲ; ನಂಬಿಕೆ ಬಂದಿರಲಿಲ್ಲ ಅಷ್ಟೇ.

ಆಕೆಯ ಪ್ರಶ್ನೆ ಸರಿಯಾದದ್ದೇ. ಒಂದು ಕಡೆಯಿಂದ ಕಿತ್ತ ಚರ್ಮ ಇನ್ನೊಂದು ಕಡೆ ಹೇಗೆ ಅಂಟಿಕೊಳ್ಳುತ್ತದೆ? ಹೊಲಿಗೆ ಇರುವುದು ಅಂಚಿನಲ್ಲಿ ಮಾತ್ರ. ನಡುವಿನ ಚರ್ಮವನ್ನು ಹಿಡಿದಿಡುವುದು ಯಾವುದು?

ಮೊದಲ ಅಂಟು ರಕ್ತದ್ದೇ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಫೈಬ್ರಿನ್ ಎಂಬ ಪ್ರೋಟೀನಿನ ನೂಲುಗಳಿಂದ. ಹೊಸ ಚರ್ಮವನ್ನು ಕೆಲವೇ ಗಂಟೆಗಳಲ್ಲಿ ಕೆಳಗಿನ ಗಾಯಕ್ಕೆ ಅಂಟಿಸುವುದೂ ಅದೇ. ಆಗ ಚರ್ಮಕ್ಕೆ ಸ್ವಂತ ರಕ್ತಸಂಚಾರವಿಲ್ಲ. ಕೆಳಗಿನಿಂದ ಒಸರುವ ದ್ರವವನ್ನು ಹೀರಿಕೊಂಡು ಎರಡು ದಿನ ಬದುಕಬೇಕು. ಆಮೇಲೆ ಸಣ್ಣ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳತೊಡಗುತ್ತವೆ. ಐದಾರು ದಿನಕ್ಕೆ ಚರ್ಮ ನೆಲೆಗೊಳ್ಳುತ್ತದೆ. ಈ ನಡುವೆ ಚರ್ಮ ಸ್ವಲ್ಪ ಜಾರಿದರೂ, ಅದರಡಿ ರಕ್ತ ತುಂಬಿಕೊಂಡರೂ ಎಲ್ಲವೂ ಹರಿದುಹೋಗುತ್ತದೆ. ಹಲಗೆ ಕಟ್ಟಿದ್ದು ಇದಕ್ಕೇ. (ಹುಡುಗ ನನ್ನ ಕಿವಿಯಲ್ಲಿ ಒಂದು ಬೀಡಿ ಸಿಗುತ್ತದೆಯೇ ಎಂದು ಕೇಳಿದ. ನಿಕೋಟಿನ್ ಆ ಸಣ್ಣ ರಕ್ತನಾಳಗಳನ್ನೇ ಮುದುಡಿಸುತ್ತದೆ ಎಂದು ಹೇಳಿ ಗದರಿಸಬೇಕಾಯಿತು.)

ಫೈಬ್ರಿನ್ ತಾತ್ಕಾಲಿಕ. ಅದರ ಮೇಲೆ ಕೆಲಸಕ್ಕೆ ಬರುವ ಜೀವಕೋಶಗಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ? ಹೆಪ್ಪುಗಟ್ಟಿದ ರಕ್ತದಲ್ಲಿ ಫೈಬ್ರೊನೆಕ್ಟಿನ್ ಎಂಬ ಇನ್ನೊಂದು ಪ್ರೋಟೀನು ಸೇರಿಕೊಂಡಿರುತ್ತದೆ. ಇದರ ಒಂದೊಂದು ಎಳೆಯಲ್ಲೂ ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳು ಪೋಣಿಸಿಕೊಂಡಿವೆ. ಇಷ್ಟು ಉದ್ದದ ಎಳೆಯಲ್ಲಿ ಜೀವಕೋಶಕ್ಕೆ ಮುಖ್ಯ ಹಿಡಿಕೆಯಾಗುವುದು ಬರೀ ಮೂರು ಮಣಿ: ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ. ಎರ್ಕಿ ರುಒಸ್ಲಾಹ್ತಿ ಮತ್ತು ಅವರ ಸಂಗಡಿಗರು ಇದನ್ನು 1984ರಲ್ಲಿ ತೋರಿಸಿಕೊಟ್ಟರು.

ಹಿಡಿಕೆ ಇದ್ದರೆ ಹಿಡಿಯುವ ಕೈಯೂ ಇರಬೇಕು. ಆ ಕೈಗೆ ಇಂಟೆಗ್ರಿನ್ ಎಂದು ಹೆಸರು. ನಮ್ಮ ದೇಹದಲ್ಲಿ 24 ಬಗೆಯ ಇಂಟೆಗ್ರಿನ್‌ಗಳಿವೆ. ಅವು ಕೋಶದ ಪೊರೆಯನ್ನು ತೂರಿ ನಿಂತಿರುತ್ತವೆ. ಹೊರಗಿನ ತುದಿ ಫೈಬ್ರೊನೆಕ್ಟಿನ್ ಅಥವಾ ಕೊಲಾಜೆನ್‌ನಂಥ ಪ್ರೋಟೀನನ್ನು ಹಿಡಿದರೆ, ಒಳಗಿನ ತುದಿ ಕೋಶದ ಒಳಹಂದರಕ್ಕೆ ಕಟ್ಟಿಕೊಂಡಿರುತ್ತದೆ. ಒಂದೊಂದರ ಹಿಡಿತ ಸಡಿಲವೇ; ನೂರಾರು ಒಟ್ಟಾದಾಗ ಬಲ. ಸಡಿಲವಾಗಿರುವುದರಿಂದಲೇ ಕೋಶ ಚಲಿಸಬಲ್ಲದು. ಪೊಳ್ಳಾಚಿಯ ಕಡೆ ತೆಂಗಿನ ಮರ ಹತ್ತುವವರನ್ನು ನೋಡಿದ್ದೀರಲ್ಲ? ಮೇಲೆ ಕೈ ಹಿಡಿದು ಮೈ ಎಳೆದುಕೊಳ್ಳುತ್ತಾರೆ, ಕೆಳಗಿನ ಕಾಲು ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಗಾಯದ ಅಂಚಿನಿಂದ ಕೋಶಗಳು ತೆವಳಿ ಬರುವುದೂ ಹೀಗೆಯೇ.

ಹಿಡಿತ ತಪ್ಪಿದ ಕೋಶದ ಗತಿ? ನಮ್ಮ ಚರ್ಮದ, ಕರುಳಿನ ಒಳಪದರದ ಕೋಶಗಳು ತಮ್ಮ ನೆಲೆಯಿಂದ ಕಳಚಿದರೆ ತಾವಾಗಿಯೇ ಸಾಯುತ್ತವೆ. ಇದಕ್ಕೆ 1994ರಲ್ಲಿ 'ಅನೊಯ್ಕಿಸ್' ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಮಾತಿಗೆ ಮನೆಯಿಲ್ಲದಿರುವುದು ಎಂದರ್ಥ. ಕ್ಯಾನ್ಸರ್ ಕೋಶಗಳು ಮಾತ್ರ ಈ ಕಟ್ಟಳೆಯನ್ನು ಮೀರಿ, ಕಳಚಿಕೊಂಡ ಮೇಲೂ ಬದುಕಿ, ಬೇರೆ ಕಡೆ ಬೇರೂರುತ್ತವೆ.

ಬಿಳಿ ರಕ್ತಕಣಗಳಿಗೂ ರಕ್ತನಾಳದ ಗೋಡೆಯನ್ನು ಹಿಡಿದು ಸೋಂಕಿನ ಜಾಗಕ್ಕೆ ಇಳಿಯಲು ಇಂಟೆಗ್ರಿನ್ ಬೇಕು. ಹುಟ್ಟಿನಿಂದಲೇ ಅದರ ಕೊರತೆಯಿರುವ ಮಕ್ಕಳಿಗೆ ಪದೇ ಪದೇ ಸೋಂಕಾಗುತ್ತದೆ, ಆದರೆ ಕೀವಾಗುವುದಿಲ್ಲ. ಹೊಕ್ಕುಳಬಳ್ಳಿ ಬೀಳುವುದೂ ತಡ. ಬಳ್ಳಿ ತಡವಾಗಿ ಬಿದ್ದ ಮಕ್ಕಳಿಗೆಲ್ಲ ಈ ರೋಗವಿದೆಯೆಂದು ಹೆದರಬೇಡಿ, ಇದು ತೀರಾ ಅಪರೂಪ. ಆದರೆ ರಕ್ತಸಂಬಂಧದಲ್ಲೇ ಮದುವೆಯಾಗುವ ಮನೆಗಳಲ್ಲಿ ಇಂಥವುಗಳ ಸಾಧ್ಯತೆ ಹೆಚ್ಚು ಎಂಬುದನ್ನು ತಿಳಿದಿರಬೇಕು. ಇಂಟೆಗ್ರಿನ್‌ಗಳ ಸಂಶೋಧನೆಗಾಗಿ ರುಒಸ್ಲಾಹ್ತಿ, ರಿಚರ್ಡ್ ಹೈನ್ಸ್, ತಿಮೊತಿ ಸ್ಪ್ರಿಂಗರ್ ಮೂವರಿಗೂ 2022ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ಕೊನೆಗೆ ಗಾಯದಲ್ಲಿ ಉಳಿಯುವ ಗಟ್ಟಿ ನಾರು ಕೊಲಾಜೆನ್. ಮೂರು ಎಳೆ ಹೊಸೆದ ಹಗ್ಗದಂತಿರುವ ಅದರ ರಚನೆಯನ್ನು ಮದ್ರಾಸಿನಲ್ಲಿದ್ದುಕೊಂಡು 1954ರಲ್ಲಿ ಮೊದಲು ಪ್ರಕಟಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಕಲಿತಿದ್ದ ರಾಮಚಂದ್ರನ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೇ ಮರಳಿ ಬಂದರು. ಈ ಹಗ್ಗ ಸರಿಯಾಗಿ ಹೊಸೆಯಲು 'ಸಿ' ಜೀವಸತ್ವ ಬೇಕು. ಆಸ್ಪತ್ರೆಗೆ ಏನು ಒಯ್ಯಲಿ ಎಂದು ಕೇಳುವವರಿಗೆ ನಾನು ಸೀಬೆಹಣ್ಣು ಎನ್ನುವುದು ಇದಕ್ಕೇ.

ಆರನೆಯ ದಿನ ಬ್ಯಾಂಡೇಜು ಬಿಚ್ಚಿದರು. ಚರ್ಮ ಹಿಡಿದುಕೊಂಡಿತ್ತು. ಕಿರುಬೆರಳ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಹಿಡಿದಿರಲಿಲ್ಲ. ಅಂಚಿನಿಂದ ತಾನೇ ತುಂಬಿಕೊಳ್ಳುತ್ತದೆ ಎಂದರಂತೆ. ಆದರೆ ಇನ್ನು ಮೇಲೆ ಬೇರೆಯೇ ತೊಂದರೆ. ಗಾಯದ ಕೋಶಗಳು ಅದೇ ಇಂಟೆಗ್ರಿನ್ ಕೈಗಳಿಂದ ಕೊಲಾಜೆನ್ ನಾರನ್ನು ಹಿಡಿದು ಎಳೆಯುತ್ತಾ ಹೋಗುತ್ತವೆ. ಸುಮ್ಮನೆ ಬಿಟ್ಟರೆ ತಿಂಗಳುಗಳಲ್ಲಿ ಕೈ ಸೊಟ್ಟಗಾಗುತ್ತದೆ. ಅದಕ್ಕೆ ದಿನವೂ ಬೆರಳು ಮಡಚಿ ಬಿಡಿಸುವ ವ್ಯಾಯಾಮ.

ತಾಯಿ ಫೋನಿನಲ್ಲಿ ದೂರಿದರು: "ಅವತ್ತು ಅಲ್ಲಾಡಿಸಬ್ಯಾಡ ಅಂತ ಬಯ್ತಿದ್ರು. ಇವತ್ತು ಅಲ್ಲಾಡಿಸ್ತಿಲ್ಲ ಅಂತ ಬಯ್ತಾವ್ರೆ, ಸ್ವಾಮಿ."